ಕತ್ತರಿಸಿ ಒಗೆದ ಮಾತುಗಳು

ರೆಕಾರ್ಡಿಂಗ್ ಕೆಲಸಕ್ಕೆ ಸೇರಿದ ದಿನ ನಮ್ಮ ಮಾಲಕರಾದ ಬಸವಂತಪ್ಪನವರು ನನಗೆ ಮೊದಲು ಕಲಿಸಿದ್ದು ವಾದ್ಯಗಳಿಗೆ ಬಟ್ಟೆ ಹೊದಿಸುವುದನ್ನು. ಹುಬ್ಬಳ್ಳಿಯಲ್ಲಿ ಕಮರಿಪೇಟೆಗೆ ಹೋಗುವ ಒಂದು ಓಣಿ, ಅಲ್ಲಿ ಮೊದಲ ಮಹಡಿಯಲ್ಲಿ ಎರಡು ಖೋಲಿಗಳ ಸ್ಟುಡಿಯೋ. ಕಿಟಕಿಗಳಿಗೆಲ್ಲ ಹಾಸಿಗೆಯ ಹತ್ತಿ ತುಂಬಿ ಹಲಗೆ ಬಡಿದಿದ್ದರು. ಗೋಡೆಗೆ ಎರಡು ತಂಬೂರಿ, ಒಂದು ಸಿತಾರು ತೂಗುತ್ತಿದ್ದವು. ಹಾಡುವವರು ಬರುವ ಮೊದಲು ಅವಕ್ಕೆ ಕಂಬಳಿ ಹೊದಿಸಬೇಕು. ಯಾಕೆ ಎಂದು ಕೇಳಿದೆ. “ಅವಕ್ಕ ಕಿವಿ ಇರತಾವ,” ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಕಂಬಳಿ ಸರಿಸಿ, “ಈಗ ನಿನ್ನ ಹೆಸರ ಹೇಳು” ಅಂದರು. “ಗಂಗಾಧರ” ಎಂದು ಹೇಳಿ ಬಾಯಿ ಮುಚ್ಚಿದೆ. ಆ ಸದ್ದಿಲ್ಲದ ಖೋಲಿಯಲ್ಲಿ, ಯಾರೂ ಮುಟ್ಟದ ತಂಬೂರಿಯೊಳಗಿಂದ ನನ್ನ ದನಿಯದೇ ಒಂದು ಎಳೆ ಹೊರಗೆ ಬಂದು ನಿಧಾನವಾಗಿ ಆರಿತು.

ಶ್ರುತಿ ಕೂಡಿದರೆ ತಂತಿ ತಾನಾಗಿ ನಡುಗುತ್ತದೆ, ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಅದು ನನಗೆ ಆಮೇಲೆ ತಿಳಿಯಿತು. ಆ ದಿನವಂತೂ ಮನೆಗೆ ಹೋಗಿ ಹೆಂಡತಿಗೆ, “ಆ ಖೋಲ್ಯಾಗ ನಾ ದುಡಿಯಾಂಗಿಲ್ಲ” ಎಂದು ಹೇಳಿದ್ದೆ. ಹಾಗೆ ಹೇಳಿದವನು ಕಣ್ಣು ಮಂಜಾಗುವವರೆಗೆ ಅಲ್ಲೇ ದುಡಿದೆ.

ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಬಂದು ಹಳೆಯ ಮಷಿನುಗಳ ಬಗ್ಗೆ ಕೇಳುತ್ತಾರೆ. ಯಾವ ಮೈಕು, ಯಾವ ಮಿಕ್ಸರು, ಎಂಥ ಟೇಪು. ಹೇಳುತ್ತೇನೆ, ಬರೆದುಕೊಳ್ಳುತ್ತಾರೆ. ಅವರ ಕೆಲಸದಲ್ಲಿ ಸದ್ದು ಪರದೆಯ ಮೇಲೆ ಚಿತ್ರವಾಗಿ ಕಾಣುತ್ತದೆ, ಬೇಡವಾದದ್ದನ್ನು ಅಳಿಸುತ್ತಾರೆ, ಮನಸ್ಸು ಬದಲಾದರೆ ವಾಪಸು ತರುತ್ತಾರೆ. ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಸುಳ್ಳು, ಸ್ವಲ್ಪ ಇದೆ. ಆದರೆ ಆ ಮಷಿನುಗಳ ಮುಂದೆ ಕೂತವನಿಗೆ ಏನೇನು ಕೇಳಿಸುತ್ತಿತ್ತು ಎಂದು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ದೆವ್ವ ಭೂತ ನಂಬುವ ಪೈಕಿ ಅಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನುವ ಪೈಕಿಯೂ ಅಲ್ಲ.

ನಮ್ಮ ಮಾಲಕರಿಗೆ ಟೇಪು ದಂಡ ಮಾಡುವುದೆಂದರೆ ಜೀವ ಹೋದಂತೆ. ಕೆಲಸ ಮುಗಿದ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದೆವು. ಅಳಿಸಲು ಒಂದು ಅಯಸ್ಕಾಂತದ ಪೆಟ್ಟಿಗೆ ಇತ್ತು, ವೋಲ್ಟೇಜು ಬಿದ್ದ ದಿನ ಅದು ಅರ್ಧಂಬರ್ಧ ಅಳಿಸುತ್ತಿತ್ತು. ಅಂಥದೇ ಒಂದರ ಮೇಲೆ ಒಬ್ಬ ಹಿರಿಯರ ಪ್ರವಚನ ಹಿಡಿದೆವು. ಸಾವಿನ ಬಗ್ಗೆ ಮಾತಾಡುತ್ತಿದ್ದರು. “ಅಲ್ಲಿಂದ ಮರಳಿ ಬಂದವರು ಯಾರು?” ಎಂದು ಕೇಳಿ ಅವರು ಸುಮ್ಮನಾದ ಜಾಗದಲ್ಲಿ, ಬಹಳ ಆಳದಿಂದ, ಒಬ್ಬ ಗಂಡಸು ಗಹಗಹಿಸಿ ನಕ್ಕ. ಹಿಂದೆ ಅದೇ ಟೇಪಿನಲ್ಲಿ ಹಿಡಿದಿದ್ದ ನಾಟಕದ ಖಳನಾಯಕ ಅವನು. ನಮಗೆ ಗೊತ್ತಾಗುವಷ್ಟರಲ್ಲಿ ಕ್ಯಾಸೆಟ್ಟು ಪೇಟೆ ಸೇರಿತ್ತು. ಮಾಲಕರು ಬೆವರುತ್ತ ವಾಪಸು ಕೇಳಲು ಹೋದರೆ ಅಂಗಡಿಯವನು ಕೊಡಲೊಲ್ಲ. “ಭಾಳ ಹೋಗಾಕತ್ತಾವ್ರಿ. ಮಂದಿ ಆ ನಗೂದ ಕೇಳಾಕ ಒಯ್ಯಾಕತ್ತಾರ!” ಅಂದನಂತೆ.

ನಮ್ಮಲ್ಲಿ ಆಗುತ್ತಿದ್ದದ್ದು ಭಜನೆ, ನಾಟಕದ ಹಾಡು, ಲಾವಣಿ. ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಧಾರವಾಡ ಮಾಳಮಡ್ಡಿಯ ಪ್ರಾಣೇಶ ಎಂಬ ಹುಡುಗ ಭುಜದವರೆಗೆ ಕೂದಲು ಬಿಟ್ಟುಕೊಂಡು ಬಂದು, ಕನ್ನಡದಲ್ಲಿ ರಾಕ್ ಹಾಡುಗಳ ಕ್ಯಾಸೆಟ್ಟು ಮಾಡುವುದಿದೆ ಎಂದ. ಬರೆದು ಹಾಡುವವನು ಅವನು. ಗಿಟಾರು ಬಾರಿಸುವವನು ಕಮರಿಪೇಟೆಯ ಅವನ ಗೆಳೆಯ ಇಮ್ತಿಯಾಜ್. ಮಾಲಕರು ಒಂದು ಹಾಡು ಕೇಳಿ ಕಿವಿಗೆ ಬೆರಳಿಟ್ಟರು.

“ಇದೇನ ಹಾಡೋ ತಮ್ಮಾ, ಜಗಳೋ?”

“ಎರಡೂ ಅದ ರೀ ಕಾಕಾ,” ಅಂದ ಪ್ರಾಣೇಶ.

ಆ ಉತ್ತರಕ್ಕೆ ಮಾಲಕರು ಸೋತರು. ಮಳೆಗಾಲದೊಳಗೆ ಮುಗಿಸಬೇಕು ಎಂಬ ಕರಾರಿನ ಮೇಲೆ ಒಪ್ಪಿಕೊಂಡರು.

ಇಮ್ತಿಯಾಜನ ತಂದೆ ಮೌಲಾಸಾಬರಿಗೆ ತಾರಿಹಾಳದಲ್ಲಿ ಮೋಟರ್ ರಿವೈಂಡಿಂಗ್ ಕಾರಖಾನೆ. ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಮಗ ಅದೇ ಸುತ್ತುವ ಯಂತ್ರದಲ್ಲಿ ತನ್ನ ಗಿಟಾರಿನ ಪಿಕಪ್ ಸುತ್ತಿದ್ದ. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟಾಗಿ ತಿರುಗಿಸುವ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಗಿಟಾರಿನ ಮೈ ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಸಾಗವಾನಿ ಬಾಗಿಲಿನದು, ಬೆನ್ನ ಮೇಲೆ ಚಿಲಕದ ತೂತು ಹಾಗೇ ಇತ್ತು. ಆಂಪ್ಲಿಫೈಯರು ಹಳೆಯ ವಾಲ್ವಿನ ರೇಡಿಯೋ ಬಿಚ್ಚಿ ಮಾಡಿದ್ದು. ಅಂಗಡಿಯ ಗಿಟಾರುಗಳಲ್ಲಿ ಇಲ್ಲದ ಒಂದು ಒರಟು, ಒಂದು ನರಳಿಕೆ ಅದರಲ್ಲಿತ್ತು. ಆ ಕ್ಯಾಸೆಟ್ಟು ಕೇಳಿದವರು ಇವತ್ತಿಗೂ ಅದು ಯಾವ ದೇಶದ ಗಿಟಾರು ಎಂದು ವಾದ ಮಾಡುತ್ತಾರೆ.

ಆ ಸೆಟ್ಟನ್ನು ಮೊದಲ ಸಲ ಹಚ್ಚಿದಾಗ ಗಿಟಾರನ್ನು ಯಾರೂ ಮುಟ್ಟಿರಲಿಲ್ಲ. ಸ್ಪೀಕರಿನೊಳಗಿಂದ ಒಬ್ಬ ಹೆಂಗಸು ಹತ್ತಿ, ಮೆಣಸಿನಕಾಯಿಗಳ ಪೇಟೆ ಧಾರಣೆ ಓದತೊಡಗಿದಳು. ರೇಡಿಯೋದ ಅಲೆ ಸುರುಳಿಗೆ ಸಿಕ್ಕಿಬಿದ್ದಿತ್ತು. ಗಿಟಾರಿನ ವಾಯರಿಗೆ ತಂತಿಯ ಜಾಳಿಗೆ ಸುತ್ತಿ ಅರ್ಥಿಂಗ್ ಕೊಟ್ಟ ಮೇಲೆ ಹೆಂಗಸು ಹೋದಳು. ಆದರೆ ಇನ್ನೊಂದು ಕಾಟ ಉಳಿಯಿತು. ಇಮ್ತಿಯಾಜ್ ಗಿಟಾರಿನ ಮೇಲೆ ಬಗ್ಗಿ, “ಚಾ ತರಸೂಣೇನ್ರಿ ಸರ?” ಎಂದರೆ ಆ ಮಾತು ಖೋಲಿಯ ಆ ತುದಿಯ ಸ್ಪೀಕರಿನಿಂದ, ಯಾರದೋ ಹೊಟ್ಟೆಯೊಳಗಿಂದ ಬಂದಂತೆ ಬರುತ್ತಿತ್ತು. ಸುರುಳಿ ಸಡಿಲವಿದ್ದು ಮಾತಿಗೂ ನಡುಗುತ್ತಿತ್ತು, ಅಷ್ಟೆ. ಕಾಸಿದ ಮೇಣದಲ್ಲಿ ಅದ್ದಿದರೆ ಸುಮ್ಮನಾಗುತ್ತದೆ ಎಂದೆ. ಅದ್ದಿದ. ಮರುದಿನ ಮುಖ ಸಪ್ಪೆ ಮಾಡಿಕೊಂಡು ಬಂದು, “ಮೊದಲ ಮಾತಾಡ್ತಿತ್ರಿ ಸರ. ಈಗ ಬರೇ ಬಾರಸತೈತಿ,” ಅಂದ.

ಪ್ರಾಣೇಶನಿಗೆ ತನ್ನ ದನಿಗೆ ಗರ್ಭಗುಡಿಯಂಥ ಪ್ರತಿಧ್ವನಿ ಬೇಕಿತ್ತು. ಅದನ್ನು ಹುಟ್ಟಿಸುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಮಾಳಮಡ್ಡಿಯ ಅವನ ಮನೆಯ ಹಿತ್ತಲಲ್ಲಿ ಬತ್ತಿದ ಬಾವಿ ಇತ್ತು. ಸ್ಪೀಕರನ್ನು ಹಗ್ಗಕ್ಕೆ ಕಟ್ಟಿ ಗಡಗಡಿಯಿಂದ ತಳಕ್ಕೆ ಇಳಿಸಿದೆವು, ಅರ್ಧಕ್ಕೆ ಒಂದು ಮೈಕು ತೂಗಿಬಿಟ್ಟೆವು. ಹಿಡಿದಿದ್ದ ಹಾಡನ್ನು ಬಾವಿಗೆ ಕೇಳಿಸಿ, ಬಾವಿ ತಿರುಗಿ ಹೇಳಿದ್ದನ್ನು ಇನ್ನೊಂದು ಟೇಪಿಗೆ ಹಿಡಿಯುವುದು ನಮ್ಮ ಉಪಾಯ. ಬಹಳ ಚೆನ್ನಾಗಿ ಬಂತು. ಹಾಡು ಮುಗಿದು ಸ್ಪೀಕರು ಬಂದ್ ಮಾಡಿದ ಮೇಲೂ ನನ್ನ ಹೆಡ್‌ಫೋನಿನಲ್ಲಿ ‘ಹೂಂ... ಹೂಂ...’ ಎಂಬ ಸದ್ದು ಬರುತ್ತಲೇ ಇತ್ತು, ಕತೆ ಕೇಳುತ್ತ ಯಾರೋ ಹೂಂಗುಟ್ಟಿದ ಹಾಗೆ. ಹೆಡ್‌ಫೋನನ್ನು ಇಮ್ತಿಯಾಜನಿಗೆ ಕೊಟ್ಟೆ. ಅವನು ಕೇಳಿ ಪ್ರಾಣೇಶನಿಗೆ ದಾಟಿಸಿದ. ಪ್ರಾಣೇಶ, “ಪಾರಿವಾಳ ಇರಬೇಕ್ರಿ,” ಎಂದು ಒಂದು ಹರಳು ಒಗೆದ. ರೆಕ್ಕೆ ಬಡಿಯುತ್ತ ಎರಡು ಪಾರಿವಾಳ ಮೇಲೆದ್ದು ಹೋದವು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನಕ್ಕು ಮತ್ತೊಮ್ಮೆ ಹಿಡಿದೆವು. ಸದ್ದು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಮತ್ತೆ ಹರಳು ಒಗೆದೆವು, ಏನೂ ಮೇಲೆ ಬರಲಿಲ್ಲ. ಅದು ಗಾಳಿಯೋ, ಹಗ್ಗದ ತಿಕ್ಕಾಟವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕ್ಯಾಸೆಟ್ಟು ಇಟ್ಟುಕೊಂಡವರು ಮೂರನೆಯ ಹಾಡಿನ ಕೊನೆಗೆ ಕಿವಿಗೊಟ್ಟು ಕೇಳಬಹುದು.

ಹಾಡುಗಳನ್ನೆಲ್ಲ ಹಿಡಿದಾದ ಮೇಲೆ ನಮ್ಮ ಟೇಪ್ ಮಷಿನು ಕೆಟ್ಟಿತು, ಟೇಪಿನಿಂದ ಸದ್ದನ್ನು ಓದುವ ಅದರ ಹೆಡ್ಡು ದುರಸ್ತಿಗೆ ಮುಂಬೈಗೆ ಹೋಯಿತು. ಮಳೆಗಾಲ ಪೂರ್ತಿ ಟೇಪುಗಳು ಸುತ್ತಿದ ಹಾಗೆಯೇ ಕಪಾಟಿನಲ್ಲಿ ಕೂತವು. ದಸರಾ ಹೊತ್ತಿಗೆ ಹೆಡ್ಡು ಬಂತು, ನಾನು ಬ್ಲೇಡು ಹಿಡಿದು ಕೂತೆ. ಆಗ ಎಡಿಟಿಂಗ್ ಅಂದರೆ ದಾಡಿಯ ಬ್ಲೇಡೇ. ಹಾಡಿನ ಹಿಂದೆ ಮುಂದೆ ಇರುವ ಕೆಮ್ಮು, ನಗು, ಹರಟೆ ಎಲ್ಲ ಕತ್ತರಿಸಿ ಒಗೆದು ಹಾಡಿಗೆ ಹಾಡು ಅಂಟಿಸುವುದು. ಮಾಲಕರದು ಒಂದೇ ಹುಕುಂ: “ಮಾತು ಕಸ. ಕಸ ಉಡಗು.” ಇಮ್ತಿಯಾಜ್ ಪ್ರತಿ ಹಾಡಿಗೂ ಮುಂಚೆ ಆಂಪ್ಲಿಫೈಯರಿನ ಎದುರಿಗಿದ್ದ ಮೈಕಿಗೆ ಬಗ್ಗಿ ಏನಾದರೂ ಮಾತಾಡುತ್ತಿದ್ದ. ಎಲ್ಲ ಉಡುಗಿದೆ. ಅದು ನನ್ನ ಕೆಲಸ, ಚೊಕ್ಕ ಮಾಡುತ್ತಿದ್ದೆ.

ಉಡುಗಿದ ಟೇಪನ್ನು ಕಟ್ಟಡದ ಕಾವಲುಗಾರ ತನ್ನ ಊರಿಗೆ ಒಯ್ಯುತ್ತಿದ್ದ. ಜೋಳ ತೆನೆಗೆ ಬಂದಾಗ ಹೊಲದ ತುಂಬ ಗೂಟ ನೆಟ್ಟು ಆ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ. ಕರೆದ ಎಂದು ಒಮ್ಮೆ ನೋಡಲು ಹೋಗಿದ್ದೆ. ನೆತ್ತಿ ಸುಡುವ ಬಿಸಿಲು. ಎದೆಮಟ್ಟದ ಜೋಳದ ಮೇಲೆ ಸಾಲು ಸಾಲಾಗಿ ಕಂದು ಪಟ್ಟಿಗಳು ಹೊಳೆಯುತ್ತಿದ್ದವು, ನಮ್ಮ ಖೋಲಿಯಲ್ಲಿ ಆಡಿದವರ ಮಾತೆಲ್ಲ ಅಲ್ಲಿ ಕೂಡಿಕೊಂಡು ಒಂದೇ ದನಿಯಲ್ಲಿ ನರಳುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಊಟ ಮಾಡಿಕೊಂಡು ಹೋಗ್ರಿ ಎಂದ. ಕೆಲಸ ಇದೆ ಎಂದು ಹೇಳಿ ಬಂದುಬಿಟ್ಟೆ.

ಕ್ಯಾಸೆಟ್ಟು ಹೊರಬಂತು. ಕಾಲೇಜು ಹುಡುಗರು ಒಬ್ಬರಿಂದೊಬ್ಬರು ಒಯ್ದು ಕಾಪಿ ಮಾಡಿಕೊಂಡು ಕೇಳಿದರು. ಮರುವರ್ಷ ಇಮ್ತಿಯಾಜ್ ಬೈಪಾಸಿನಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ. ಅವನಷ್ಟು ಮಾತುಗಾರನನ್ನು, ಅವನಷ್ಟು ಹಚ್ಚಿಕೊಂಡವನನ್ನು ನಾನು ಆ ಖೋಲಿಯಲ್ಲಿ ಮತ್ತೆ ಕಾಣಲಿಲ್ಲ.

ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿ ನಮ್ಮಲ್ಲೂ ಕಂಪ್ಯೂಟರು ಬಂತು, ಮಾಲಕರು ಇಲ್ಲವಾದರು. ಒಂದು ದಿನ ಇಮ್ತಿಯಾಜನ ತಾಯಿ ಬೀಬಿಜಾನ್ ಪ್ರಾಣೇಶನ ಜೊತೆ ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಅಂಚಿಗೆ ಕೂತರು.

“ಅಣ್ಣಾರ, ಮೊನ್ನೆ ಅವನ ದನಿ ನೆನಸ್ಕೊಳ್ಳಾಕ ಹೋದ್ನಿ. ಬರಲಿಲ್ರಿ,” ಅಂದರು. “ಮುಖ ಬರತೈತಿ, ನಡಿಗಿ ಬರತೈತಿ. ದನಿ ಬರವಲ್ದು.”

ಅವರೇ ಮುಂದುವರಿಸಿದರು. “ಫೋಟೋ ಅದಾವ. ಮದುವಿ ವಿಡಿಯೋದಾಗ ಕುಣದಾನ, ಅದರ ಮ್ಯಾಲ ಸಿನಿಮಾ ಹಾಡ ಹಾಕ್ಯಾರ. ನಿಮ್ಮ ಕ್ಯಾಸೆಟ್ಟಿನ್ಯಾಗ ಬರೇ ಗಿಟಾರ್ ಐತಿ. ಇಷ್ಟ ದಿನ ನಿಮ್ಮ ಕಡೆ ಬಂದಾನ, ಮಾತಾಡಿರಬೇಕಲ್ರಿ. ಅದನ್ನ ಎಲ್ಲಿ ಇಟ್ಟೀರಿ?”

ಕತ್ತರಿಸಿದ್ದನ್ನು ಹೇಳಿದೆ. ಹೊಲದ ಸಂಗತಿ ಹೇಳಲು ಬಾಯಿ ಬರಲಿಲ್ಲ. “ಮೂಲ ಟೇಪ್ ಒಮ್ಮೆ ಹಾಕಿ ನೋಡೂಣ್ರಿ ಅಮ್ಮಾ. ನನ್ನ ಕಣ್ಣ ತಪ್ಪಿಸಿ ಎಲ್ಲೆರೆ ಉಳದಿರಬಹುದು,” ಅಂದೆ.

ಟೇಪು ಪ್ರಾಣೇಶನ ಮನೆಯ ಅಟ್ಟದಲ್ಲಿ ಧಾರವಾಡದ ಅಷ್ಟೂ ಮಳೆಗಾಲಗಳ ಥಂಡಿ ಕುಡಿದು ಕೂತಿತ್ತು. ಮಷಿನಿಗೆ ಹಾಕಿದೊಡನೆ ಕಿರ್ರೆಂದು ಚೀರಿತು. ನಿಲ್ಲಿಸಿ ನೋಡಿದರೆ ಹೆಡ್ಡಿನ ಮೇಲೆ ಕಂದು ಬಣ್ಣದ ಅಂಟು. ಟೇಪಿನ ಮೇಲೆ ಸದ್ದನ್ನು ಹಿಡಿದಿಟ್ಟುಕೊಳ್ಳುವ ಪುಡಿ ಅದು, ಕಿತ್ತು ಬಂದಷ್ಟು ಸದ್ದು ಹೋದಂತೆ. ಹತ್ತಿಯಿಂದ ಒರೆಸಿದೆ. ಹತ್ತಿಗೆ ಹತ್ತಿದ ಕಲೆಯನ್ನು ಬೀಬಿಜಾನ್ ನೋಡುತ್ತಲೇ ಇದ್ದರು. ಅದನ್ನು ಕಸದ ಬುಟ್ಟಿಗೆ ಹಾಕಲು ನನಗೆ ಕೈ ಬರಲಿಲ್ಲ, ಜೇಬಿಗೆ ಹಾಕಿಕೊಂಡೆ.

ಮುಂಬೈಯ ಮಷಿನು ರಿಪೇರಿಯವನಿಗೆ ಫೋನು ಮಾಡಿದಾಗ, ಟೇಪನ್ನು ಹದವಾದ ಶಾಖದಲ್ಲಿ ಒಂದಿಡೀ ದಿನ ಒಣಗಿಸಿದರೆ ಅಂಟು ಗಟ್ಟಿಯಾಗುತ್ತದೆ, ಒಂದೆರಡು ಸಲ ಓಡುತ್ತದೆ, ಆಮೇಲೆ ಭರವಸೆ ಇಲ್ಲ ಎಂದ. ಶಾಖ ಹೆಚ್ಚಾದರೆ ಎಲ್ಲವೂ ಹೋಯಿತು. ಅಂಥ ಒಲೆ ಎಲ್ಲಿಂದ ತರುವುದು? ಮೋಟರಿಗೆ ತಂತಿ ಸುತ್ತಿ ವಾರ್ನಿಶ್ ಮಾಡಿದ ಮೇಲೆ ಒಣಗಿಸುವ ಒಲೆ ಮೌಲಾಸಾಬರ ಕಾರಖಾನೆಯಲ್ಲೇ ಇತ್ತು. ತಾರಿಹಾಳಕ್ಕೆ ಒಯ್ದೆವು. ಮೌಲಾಸಾಬರು ಒಲೆಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟೇಪನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಾಗೇ ನಿಂತರು.

“ನಮ್ಮ ಮಂದ್ಯಾಗ ಸುಡೂದಿಲ್ರಿ, ಸಾಹೇಬ್ರ,” ಅಂದರು.

ಚೇಷ್ಟೆಯೇನೋ ಎಂದು ಮುಖ ನೋಡಿದೆ. ಅಲ್ಲ. “ಸುಡಂಗಿಲ್ರಿ ಮೌಲಾಸಾಬ್ರ. ಒಣಗಸೂದು ಅಷ್ಟ,” ಅಂದೆ.

“ಹಂಗಾರ ಸಣ್ಣಂಗ ಇಡತೇನಿ.”

ಒಲೆಯ ಎದುರು ಸ್ಟೂಲು ಹಾಕಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಗಿರಾಕಿಗಳ ಮೋಟರುಗಳು ಅಂಗಳದಲ್ಲಿ ಸಾಲಾಗಿ ಕಾದವು. ಒಲೆ ಒಂದೇ ಸಮನೆ ಗುನುಗುತ್ತಿತ್ತು. ಮೌಲಾಸಾಬರು ನಡುನಡುವೆ ಅದರ ಬಾಗಿಲಿಗೆ ಅಂಗೈ ಇಡುತ್ತಿದ್ದರು, ಜ್ವರ ಬಂದ ಹುಡುಗನ ಹಣೆ ಮುಟ್ಟಿ ನೋಡಿದ ಹಾಗೆ.

ಮರುದಿನ ಮುಂಜಾನೆ ಸ್ಟುಡಿಯೋಕ್ಕೆ ಅವರು ಬರಲಿಲ್ಲ, ನನ್ನಿಂದ ಆಗಂಗಿಲ್ಲ ಎಂದು ಹೇಳಿ ಕಳಿಸಿದ್ದರು. ಬೀಬಿಜಾನ್, ಪ್ರಾಣೇಶ, ನಾನು, ಇಷ್ಟೇ ಜನ. ಟೇಪು ಚೀರದೆ ಓಡಿತು. ಒಂದೊಂದು ಹಾಡಿನ ಸಂದಿಯಲ್ಲಿಯೂ ನನ್ನ ಬ್ಲೇಡಿನ ಗುರುತು, ಅಂಟುಪಟ್ಟಿಯ ಬಿಳಿ ಗೆರೆ, ಹೆಡ್ಡು ದಾಟಿ ಹೋಗುತ್ತಿತ್ತು. ಮಾತು ಎಲ್ಲಿಯೂ ಇರಲಿಲ್ಲ. ಎಷ್ಟು ಚೊಕ್ಕ ಮಾಡಿದ್ದೆನೋ, ನನ್ನ ಮೇಲೆ ನನಗೇ ಸಿಟ್ಟು ಬಂತು. ಒಂದು ಹಾಡಿನ ನಡುವೆ ಎಲ್ಲ ವಾದ್ಯ ನಿಂತು, ಒಂದು ಗಳಿಗೆ ಮೌನವಾಗಿ, ಮತ್ತೆ ಗಿಟಾರು ಏಳುವ ಕಡೆ ಬೀಬಿಜಾನ್ ತಟ್ಟನೆ ಕೈ ಎತ್ತಿದರು.

“ಅದೇನ್ರಿ? ಗಿಟಾರ್ ಬಾರಸೂಕಿಂತ ಮೊದಲ ಯಾರೋ ದೂರದಾಗ ಅದನ್ನ ಬಾರಿಸಿದ್ರಲ್ಲ?”

ನನಗೆ ರೂಢಿಯಾಗಿ ಕಿವಿಗೆ ಬೀಳದೆ ಹೋಗಿತ್ತು. ನಿಲ್ಲಿಸಿ, ದನಿ ಏರಿಸಿ ಮತ್ತೆ ಹಾಕಿದೆ. ಹೌದು. ಆ ಮೌನದಲ್ಲಿ, ತೀರ ಸಣ್ಣಗೆ, ಇನ್ನೂ ಬಾರಿಸದ ಗಿಟಾರು. ಆಮೇಲೆ ಅದೇ ಸ್ವರ, ಈ ಸಲ ನಿಜವಾಗಿ. ಪ್ರಾಣೇಶನ ಮುಖ ಬಿಳಿಚಿತು.

“ಹೆದರಬ್ಯಾಡ್ರಿ,” ಎಂದು ಬೀಬಿಜಾನರಿಗೆ ಹೇಳಿದೆ. “ಟೇಪ್ ಸುತ್ತಿ ಇಟ್ಟಾಗ ಪದರಿನ ಮ್ಯಾಲ ಪದರು ಕೂಡತೈತ್ರಿ. ಬಣ್ಣ ಬಿಡೂ ಸೀರಿ ಜೋಡಿ ಬಿಳೇ ಅರಿವಿ ಹಸೀದ ಇಟ್ರ ಬಣ್ಣ ಹತ್ತೂದಿಲ್ಲೇನ್ರಿ? ಹಂಗ ಒಂದರ ಸದ್ದು ಬಾಜೂ ಪದರಿಗೆ ಸ್ವಲ್ಪ ಹತ್ತತೈತಿ.”

ಅವರು ಟೇಪಿನ ಸುರುಳಿಯ ಕಡೆ ನೋಡಿದರು. “ನೀವು ಅವನ ಮಾತು ಕತ್ತರಿಸಿದ್ದು ಯಾವಾಗ್ರಿ?”

“ದಸರಾಕ್ಕ.”

“ಮಳಿಗಾಲ ಪೂರಾ ಅದು ಒಳಗ ಸುತ್ಕೊಂಡಿತ್ತು?”

“ಇತ್ರಿ.”

“ಹಂಗಾರ ನೀವು ಸೀರಿ ತಗದ ಒಗದೀರಿ. ಬಣ್ಣ ಹತ್ತಿದ ಅರಿವಿ ಇನ್ನೂ ಇಲ್ಲೇ ಐತಲ್ರಿ.”

ಇಷ್ಟು ವರ್ಷ ಟೇಪು ಮುಟ್ಟಿದವನಿಗೆ ಅದು ಹೊಳೆದಿರಲಿಲ್ಲ. ಅಲ್ಲಿಯವರೆಗೆ ಓಡಿದ್ದೆಲ್ಲ ಕಂಪ್ಯೂಟರಿಗೆ ಇಳಿದಿತ್ತು, ಒಂದೊಂದು ಸಂದಿಗೂ ಹಿಂದಿರುಗಿ ದನಿ ಏರಿಸಿ ಕೇಳಿದೆವು. ಏನೂ ಇಲ್ಲ. ಗಿಟಾರಿನ ಮೊದಲ ಸ್ವರಕ್ಕೆ ತಾಗಿಯೇ ಕತ್ತರಿಸಿದ್ದೆ, ಬಣ್ಣ ಹತ್ತಲು ಜಾಗವನ್ನೇ ಬಿಟ್ಟಿರಲಿಲ್ಲ. ಬೀಬಿಜಾನರ ಕೈ ಸೆರಗನ್ನು ಹಿಂಡುತ್ತಿತ್ತು.

“ಕಡೀ ಹಾಡು ಉಳದದ ರೀ ಸರ,” ಅಂದ ಪ್ರಾಣೇಶ. “ಅದಕ್ಕ ಮುಂಚೆ ಖಾಲಿ ಬಿಡ್ರಿ ಅಂತ ನಾ ನಿಮ್ಮ ಜೋಡಿ ಜಗಳಾಡಿದ್ದೆ.”

ಜಗಳಾಡಿದ್ದು ನಿಜ, ಅವನ ಮಾತಿಗೂ ಹಾಡಿಗೂ ನಡುವಿನ ಖಾಲಿ ಟೇಪನ್ನು ಅಲ್ಲಿ ಮಾತ್ರ ಹಾಗೇ ಬಿಟ್ಟಿದ್ದೆ. ಟೇಪು ದಂಡ ಎಂದು ಮಾಲಕರು ಬೈದಿದ್ದೂ ನಿಜ. ದನಿಯ ಗುಂಡಿಯನ್ನು ತುದಿಯವರೆಗೆ ಏರಿಸಿ ಮಷಿನು ಹಚ್ಚಿದೆ. ಬಿಳಿ ಗೆರೆ ಹೆಡ್ಡು ದಾಟಿತು. ಟೇಪಿನ ಸುಯ್ ಎಂಬ ಸದ್ದು ಖೋಲಿಯನ್ನೆಲ್ಲ ತುಂಬಿಕೊಂಡಿತು. ಅದರ ಒಳಗಿಂದ, ಗೋಡೆಯ ಆಚೆ ನಿಂತವನಂತೆ, ಇಮ್ತಿಯಾಜ್ ಕೇಳಿದ:

“ಕೇಳಸಾಕತ್ತೈತೇನ್ರಿ?”

ನನ್ನ ಕೈ ತಾನಾಗಿ ಮಿಕ್ಸರಿನ ಎಡತುದಿಗೆ ಹೋಯಿತು. ಹಿಂದೆ ಅಲ್ಲಿ, ಬಾರಿಸುವವರ ಖೋಲಿಗೆ ನನ್ನ ಮಾತು ಮುಟ್ಟಿಸುವ ಒಂದು ಸ್ವಿಚ್ಚಿತ್ತು. ಅದನ್ನು ಒತ್ತಿ ನಾನು ಹೌದು ಅನ್ನುವವರೆಗೆ ಅವನು ಬಾರಿಸುತ್ತಿರಲಿಲ್ಲ.

ಬೀಬಿಜಾನ್ ಸ್ಪೀಕರಿನ ಕಡೆ ಬಗ್ಗಿದರು. ಮನೆಯಲ್ಲಿ ಮಗನೊಡನೆ ಅವರ ಮಾತು ಉರ್ದು. ಅವನು ಕನ್ನಡದಲ್ಲಿ ಕೇಳಿದ್ದಕ್ಕೋ ಏನೋ, ಅವರೂ ಕನ್ನಡದಲ್ಲೇ ಉತ್ತರ ಕೊಟ್ಟರು.

“ಕೇಳಸಾಕತ್ತೈತಿ ಬೇಟಾ. ಬಾರಸು.”

ದನಿ ಇಳಿಸಬೇಕೆಂಬುದು ನನಗೆ ನೆನಪಾಗಲಿಲ್ಲ. ಗಿಟಾರು ಇಡೀ ಖೋಲಿಯನ್ನು ನಡುಗಿಸುತ್ತ ಶುರುವಾಯಿತು.